ತಿಂಗಳ ದಿನಸಿ ಖರ್ಚು: ಮೂರು ತಿಂಗಳ ಚೀಟಿ ಕೂಡಿಸಿ ನೋಡಿದೆ, ನಿಮ್ಮ ಮನೇಲಿ ಹೇಗೆ?

ಮನೆಲೆಕ್ಕ (ಹಾಸನ)

ಎಲ್ಲರಿಗೂ ನಮಸ್ಕಾರ. ಮನೇಲಿ ನಾವು ಐದು ಜನ. ಅತ್ತೆ, ಯಜಮಾನ್ರು, ನಾನು, ಹೈಸ್ಕೂಲಿಗೆ ಹೋಗೋ ಇಬ್ಬರು ಮಕ್ಕಳು. ಯಜಮಾನ್ರಿಗೆ ಓವರ್‌ಟೈಮ್ ನಿಂತ ಮೇಲೆ ಇಪ್ಪತ್ತನೇ ತಾರೀಖಿಗೇ ಕೈ ಖಾಲಿ ಆಗೋಕೆ ಶುರುವಾಯ್ತು. ಬಾಡಿಗೆ, ಸ್ಕೂಲ್ ಫೀಸು ನಮ್ಮ ಮಾತು ಕೇಳಲ್ಲ. ಕೈಗೆ ಸಿಗೋದು ಅಡುಗೆಮನೆ ಒಂದೇ. ಅದಕ್ಕೆ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ದಿನಸಿ, ತರಕಾರಿ, ಹಾಲು, ಬೇಕರಿ, ಏನೇ ತಂದರೂ ಚೀಟಿನ ಅಡುಗೆಮನೆ ಮೊಳೆಗೆ ಚುಚ್ಚುತ್ತಾ ಬಂದೆ. ಚೀಟಿ ಕೊಡದ ಕಡೆ ಕ್ಯಾಲೆಂಡರ್ ಹಾಳೆ ಹರಿದು ನಾನೇ ಬರೆದು ಚುಚ್ಚಿದೆ.

ಮೊದಲನೇ ತಿಂಗಳು 9,640 ರೂಪಾಯಿ. ಮೊದಲ ವಾರ ತರೋ ದೊಡ್ಡ ಪಟ್ಟಿ 4,300. ಹಾಲು 2,070. ಉಳಿದ 3,270 ಎಲ್ಲಿಗೆ ಹೋಯ್ತು ಅಂತ ಚೀಟಿ ಹರಡಿಕೊಂಡು ಕೂತೆ. ಇಪ್ಪತ್ತೆರಡು ಸಲ ಅಂಗಡಿಗೆ ಹೋಗಿದ್ದೀವಿ! ಕೊತ್ತಂಬರಿ ಸೊಪ್ಪು ಮುಗೀತು ಅಂತ ಹೋದೋರು ಬಿಸ್ಕತ್ತು, ಬ್ರೆಡ್ಡು, ಚಿಪ್ಸು, ಒಂದು ಸೋಪು ತಂದಿದ್ದೀವಿ. ಹತ್ತು ರೂಪಾಯಿ ಸೊಪ್ಪಿಗೆ ಹೋಗಿ ನೂರೈವತ್ತು ಕೊಟ್ಟು ಬಂದಿದ್ದೀವಿ. ದೊಡ್ಡ ಪಟ್ಟಿಯಲ್ಲಿ ಬೇಳೆ ಎರಡು ರೂಪಾಯಿ ಅಗ್ಗ ಎಲ್ಲಿ ಸಿಗುತ್ತೆ ಅಂತ ಊರೆಲ್ಲಾ ಹುಡುಕ್ತಿದ್ದೆ, ಸೋರ್ತಾ ಇದ್ದದ್ದು ಈ ನಡುವಿನ ಓಡಾಟದಲ್ಲಿ.

ಮಾರ್ಚಿಂದ ಒಂದು ಕಟ್ಟುಪಾಡು ಮಾಡಿಕೊಂಡೆವು. ಮೊದಲ ವಾರ ದಿನಸಿ, ಮಂಗಳವಾರ ಸಂತೆ. ಮಧ್ಯೆ ಏನಾದರೂ ಮುಗಿದರೆ ಮಂಗಳವಾರದವರೆಗೆ ಅದಿಲ್ಲದೇ ಅಡುಗೆ. ಟೊಮೆಟೊ ಇಲ್ಲವಾ, ಹುಣಸೆಹಣ್ಣು. ಕೊತ್ತಂಬರಿ ಇಲ್ಲವಾ, ಕರಿಬೇವು. ಅತ್ತೆಗೆ ಇದರಿಂದ ಖುಷಿಯೇ ಆಯ್ತು, ಅವರ ಕಾಲದಲ್ಲಿ ಹೀಗೇ ಇತ್ತಂತೆ. ಏಪ್ರಿಲ್ ಲೆಕ್ಕ 7,380ಕ್ಕೆ ನಿಂತಿದೆ. ಯಾರೂ ಹೊಟ್ಟೆಗೆ ಕಮ್ಮಿ ಮಾಡಿಕೊಂಡಿಲ್ಲ.

ಈಗ ಎರಡು ಪ್ರಶ್ನೆ. ಅಕ್ಕಿ ಮೂಟೆಲೆಕ್ಕದಲ್ಲಿ ತಗೊಳ್ಳೋದು ನಿಜವಾಗಲೂ ಲಾಭವಾ? ಮಳೆ ಶುರುವಾಗೋ ಮುಂಚೆ ಬೇಳೆಕಾಳು ಜಾಸ್ತಿ ತಂದಿಟ್ಟರೆ ಹುಳ ಹಿಡೀದ ಹಾಗೆ ಹೇಗೆ ಕಾಪಾಡ್ತೀರಿ?

ರೂಮ್ ನಂಬರ್ 7 (ಹಾಸನ)

ಅಕ್ಕ, ನಾವು ನಾಲ್ಕು ಜನ ಹುಡುಗರು ರೂಮ್ ಮಾಡಿಕೊಂಡಿದ್ದೀವಿ, ಎಂಜಿನಿಯರಿಂಗ್ ಮೂರನೇ ವರ್ಷ. ನಿಮ್ಮ ಇಪ್ಪತ್ತೆರಡು ಸಲದ ಲೆಕ್ಕ ಓದಿ ನಮ್ಮದೂ ಎಣಿಸಿದ್ವಿ. ಮೊಬೈಲಲ್ಲಿ ಹಣ ಕಳಿಸಿದ ಪಟ್ಟಿ ತೆಗೆದರೆ ಎಲ್ಲ ಸಿಕ್ಕಿಬಿಡುತ್ತೆ, ಮೊಳೆ ಬೇಕಿಲ್ಲ. ನಾಲ್ವರದ್ದೂ ಸೇರಿ ಒಂದೇ ತಿಂಗಳಲ್ಲಿ ಬೇಕರಿಗೆ 61 ಸಲ. ಇವತ್ತಿಂದ ಸಂಜೆಗೆ ಅವಲಕ್ಕಿ ಒಗ್ಗರಣೆ ಅಂತ ತೀರ್ಮಾನ ಆಗಿದೆ.

ದಿನಸಿ ಅಂಗಡಿ (ಚನ್ನರಾಯಪಟ್ಟಣ)

ಮೇಡಂ, ಹದಿನೆಂಟು ವರ್ಷದಿಂದ ಗಲ್ಲಾದಲ್ಲಿ ಕೂತಿದ್ದೀನಿ, ಮೂಟೆ ವಿಷಯ ನಾನು ಹೇಳ್ತೀನಿ.

2022ರ ಜುಲೈ 18ರಿಂದ, ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿ, ಬೇಳೆ, ಹಿಟ್ಟಿಗೆ ಶೇ 5 ಜಿಎಸ್‌ಟಿ ಬಂತು. ಅದು 25 ಕೆ.ಜಿ.ವರೆಗಿನ ಪ್ಯಾಕಿಗೆ ಮಾತ್ರ. ಅದಾದ ಮೇಲೇ ಮಾರ್ಕೆಟ್ಟಿಗೆ 26 ಕೆ.ಜಿ. ಮೂಟೆ ಬಂದದ್ದು. ಒಂದು ಕೆ.ಜಿ. ಜಾಸ್ತಿ ತುಂಬಿದರೆ ತೆರಿಗೆ ಇಲ್ಲ. ಹಾಗೇ, ನಿಮ್ಮ ಕಣ್ಣೆದುರಿಗೆ ಮೂಟೆ ಬಿಚ್ಚಿ ತೂಗಿ ಕೊಟ್ಟ ಬಿಡಿ ಅಕ್ಕಿ, ಬೇಳೆಗೂ ಈ ತೆರಿಗೆ ಇಲ್ಲ. ಬಣ್ಣದ ಕವರಿನಲ್ಲಿ 1 ಕೆ.ಜಿ., 5 ಕೆ.ಜಿ. ಅಂತ ತಗೊಂಡಾಗ ಕವರಿನ ದುಡ್ಡು, ಜಾಹೀರಾತಿನ ದುಡ್ಡು, ತೆರಿಗೆ ಮೂರೂ ನಿಮ್ಮ ಮೇಲೆ.

ಆದರೆ ಮೂಟೆ ಹೊರಿಸಿಕೊಳ್ಳೋ ಮೊದಲು ಒಂದು ಕೆ.ಜಿ. ಬಿಡಿಯಾಗಿ ಒಯ್ದು ಅನ್ನ ಮಾಡಿ ನೋಡಿ. ಹೊಸ ಅಕ್ಕಿ ಕಮ್ಮಿ ರೇಟಿಗೆ ಸಿಗುತ್ತೆ, ಆದರೆ ಅನ್ನ ಮುದ್ದೆಯಾಗುತ್ತೆ, ಒದಗಲ್ಲ. ವರ್ಷ ಹಳೇದು ಕೆ.ಜಿ.ಗೆ ನಾಲ್ಕೈದು ರೂಪಾಯಿ ಹೆಚ್ಚಾದರೂ ಪಾತ್ರೆ ತುಂಬ ಅರಳುತ್ತೆ. ಲೆಕ್ಕ ಪಾತ್ರೆಯಲ್ಲಿ ಹಾಕಬೇಕು, ಚೀಲದಲ್ಲಲ್ಲ.

ಇನ್ನೊಂದು, ಎಣ್ಣೆ. ಗಿರಾಕಿಗಳು "ಒಂದು ಪ್ಯಾಕೆಟ್ ಎಣ್ಣೆ ಕೊಡಿ" ಅಂತಾರೆ. ಒಂದು ಲೀಟರ್ ಅಡುಗೆ ಎಣ್ಣೆ ಅಂದರೆ ಸುಮಾರು 910 ಗ್ರಾಂ ತೂಕ. ಅದೇ ಅಗಲದ ಪ್ಯಾಕೆಟ್ಟಿನಲ್ಲಿ 850, 800, 750 ಗ್ರಾಂ ಇರೋವೂ ಬರ್ತವೆ. ಹಿಂದೆ ಕೆಲವು ಸಾಮಾನಿಗೆ ಇಂತಿಷ್ಟೇ ತೂಕದ ಪ್ಯಾಕ್ ಇರಬೇಕು ಅಂತ ನಿಯಮ ಇತ್ತು, ಅದನ್ನು ತೆಗೆದಿದ್ದಾರೆ. ಅದರ ಬದಲಿಗೆ ಈಗ ಪ್ಯಾಕೆಟ್ ಮೇಲೆ ಗ್ರಾಂಗೆ ಇಲ್ಲವೇ ಮಿ.ಲೀ.ಗೆ ಎಷ್ಟು ಬೀಳುತ್ತೆ ಅಂತ ಎಂಆರ್‌ಪಿ ಹತ್ತಿರ ಸಣ್ಣದಾಗಿ ಅಚ್ಚು ಹಾಕಿರ್ತಾರೆ. ಅಂಗಡಿಯಲ್ಲಿ ನಿಂತು ಅದೊಂದು ಸಾಲು ಓದಿ, ಯಾವುದು ಅಗ್ಗ ಅಂತ ತಾನೇ ಗೊತ್ತಾಗುತ್ತೆ. ದೊಡ್ಡ ಪ್ಯಾಕ್ ಯಾವಾಗಲೂ ಅಗ್ಗ ಅನ್ನೋದು ಸುಳ್ಳು. ಶಾಂಪೂ, ಕಾಫಿಪುಡಿಯಲ್ಲಿ ಸಣ್ಣ ಸ್ಯಾಶೆಯೇ ಅಗ್ಗ ಬಿದ್ದದ್ದನ್ನು ಎಷ್ಟೋ ಸಲ ನೋಡಿದ್ದೀನಿ.

ಬೇಲೂರು ರಸ್ತೆ

ಅಕ್ಕ, ಅಣ್ಣ, ನೀವು ಹೇಳೋದೆಲ್ಲ ಸರಿ. ಆದರೆ ನಾನು ಗಾರ್ಮೆಂಟ್ಸಿಗೆ ಹೋಗೋಳು. 26 ಕೆ.ಜಿ. ಮೂಟೆಗೆ ಒಂದೇ ಸಲ ಸಾವಿರದ ನಾನೂರು ಎಲ್ಲಿಂದ ತರಲಿ? ದುಡ್ಡಿದ್ದೋರಿಗೆ ಅಕ್ಕಿ ಅಗ್ಗ, ಇಲ್ಲದೋರಿಗೆ ದುಬಾರಿ. ವಾರಕ್ಕೆ ಎರಡು ಕೆ.ಜಿ. ತಗೊಳ್ಳೋಳು ಪ್ರತಿ ಸಲವೂ ಜಾಸ್ತಿ ಕೊಡ್ತಾಳೆ. ಇದನ್ನೂ ಯಾರಾದರೂ ಮಾತಾಡಬೇಕು.

ನಮ್ಮ ವಠಾರದಲ್ಲಿ ನಾವು ಮಾಡ್ತಿರೋದು ಹೇಳ್ತೀನಿ. ಮೂರು ಮನೆಯೋರು ಸೇರಿ ಒಂದು ಮೂಟೆ. ಒಂದು ತಕ್ಕಡಿ ಇದೆ, ತೂಗಿ ಹಂಚಿಕೊಳ್ತೀವಿ. ಗೃಹಲಕ್ಷ್ಮಿ ಎರಡು ಸಾವಿರ ಯಾರಿಗೆ ಮೊದಲು ಬರುತ್ತೋ ಅವರು ದುಡ್ಡು ಹಾಕ್ತಾರೆ, ಉಳಿದೋರು ಸಂಬಳದ ದಿನ ಕೊಡ್ತಾರೆ. ಎಣ್ಣೆನೂ ಹಾಗೇ, ಐದು ಲೀಟರ್ ಕ್ಯಾನ್ ತಂದು ಹಂಚ್ಕೋತೀವಿ. ಒಂದೂವರೆ ವರ್ಷ ಆಯ್ತು, ಜಗಳ ಬಂದಿಲ್ಲ, ಏಕೆಂದರೆ ತೂಗೋವಾಗ ಮೂವರೂ ಎದುರಿಗೆ ಇರಬೇಕು ಅಂತ ಮೊದಲೇ ಮಾತಾಡಿಕೊಂಡಿದ್ದೀವಿ.

ಇಷ್ಟು ಮಾತ್ರ ಹೇಳ್ತೀನಿ, ಹಬ್ಬದ ಚೀಟಿ ಅಂತ ತಿಂಗಳಿಗೆ 500 ಕಟ್ಟಿಸಿಕೊಂಡು ದೀಪಾವಳಿಗೆ ದಿನಸಿ, ಎಣ್ಣೆ, ಪಾತ್ರೆ ಕೊಡ್ತೀವಿ ಅನ್ನೋರನ್ನ ನಂಬಬೇಡಿ. ಹತ್ತು ತಿಂಗಳು ಕಟ್ಟಿದೆ. ಹಬ್ಬಕ್ಕೆ ಒಂದು ವಾರ ಇರುವಾಗ ಅವರ ಮನೆಗೆ ಬೀಗ. ಐದು ಸಾವಿರ ಹೋಯ್ತು. ಅದೇ ದುಡ್ಡನ್ನ ಪೋಸ್ಟಾಫೀಸಿನಲ್ಲಿ ಇಟ್ಟಿದ್ದರೆ ಆ ಹಬ್ಬಕ್ಕೆ ಮಕ್ಕಳಿಗೆ ಬಟ್ಟೆನೂ ಬರ್ತಿತ್ತು.

ಮನೆಲೆಕ್ಕ (ಹಾಸನ)

ತಂಗಿ, ನೀನು ಹೇಳಿದ್ದು ನನ್ನ ಮನಸ್ಸಿಗೆ ತಟ್ಟಿತು. ನಾನು ಮೂಟೆ ಅಂತ ಬರೆಯೋವಾಗ ಅದನ್ನ ಯೋಚಿಸಿರಲಿಲ್ಲ. ಮೂರು ಮನೆ ಮೂಟೆ ನಮ್ಮ ಬೀದೀಲೂ ಮಾಡಬಹುದು. ಎದುರು ಮನೆ ಅಜ್ಜಿ ಒಬ್ಬರೇ ಇದ್ದಾರೆ, ಅವರಿಗೆ ಐದು ಕೆ.ಜಿ. ಸಾಕು, ಅವರನ್ನೂ ಸೇರಿಸಿಕೊಳ್ತೀನಿ.

ಮಲೆನಾಡ ಮಗಳು (ಮೂಡಿಗೆರೆ)

ಹುಳದ ಪ್ರಶ್ನೆಗೆ ನಾನು ಉತ್ತರ ಕೊಡ್ತೇನೆ, ಏಕೆಂದರೆ ನಮ್ಮಲ್ಲಿ ಇದು ಜೀವನ ಮರಣದ ಪ್ರಶ್ನೆ. ಜೂನಿನಲ್ಲಿ ಹಿಡಿದ ಮಳೆ ಸೆಪ್ಟೆಂಬರ್ ತನಕ ಬಿಡೋದಿಲ್ಲ. ಕರೆಂಟ್ ಹೋದರೆ ಎರಡು ಮೂರು ದಿನ, ಮರ ಬಿದ್ದರೆ ರಸ್ತೆಯೂ ಇಲ್ಲ. ನಮ್ಮ ಅಜ್ಜಿ ಕಾಲದಿಂದ ಮೇ ತಿಂಗಳು ಅಂದರೆ ಮಳೆಗಾಲದ ಸಾಮಾನು ಕೂಡಿಡುವ ತಿಂಗಳು. ಚಿಕ್ಕಮಗಳೂರಿನ ಬುಧವಾರದ ಸಂತೆಗೆ ಹೋಗಿ ಮೆಣಸಿನಕಾಯಿ, ಹುಣಸೆಹಣ್ಣು, ಬೇಳೆ, ಬೆಲ್ಲ, ಈರುಳ್ಳಿ, ಬೆಳ್ಳುಳ್ಳಿ ತರೋದು.

ತೊಗರಿಬೇಳೆಯನ್ನು ಎರಡು ದಿನ ಒಳ್ಳೆ ಬಿಸಿಲಿಗೆ ಹಾಕಿ, ಪೂರ್ತಿ ಆರಿದ ಮೇಲೆ ಡಬ್ಬಿಗೆ ತುಂಬಬೇಕು. ಬಿಸಿ ಇರುವಾಗಲೇ ಮುಚ್ಚಿದರೆ ಒಳಗೆ ಬೆವರುತ್ತದೆ, ಹುಳಕ್ಕೆ ಅದೇ ಬೇಕು. ತುಂಬುವ ಮೊದಲು ಕೆ.ಜಿ.ಗೆ ಒಂದು ಸಣ್ಣ ಚಮಚ ಹರಳೆಣ್ಣೆ ಅಂಗೈಗೆ ಹಾಕಿಕೊಂಡು ಬೇಳೆಗೆಲ್ಲ ತಾಗುವ ಹಾಗೆ ಉಜ್ಜಬೇಕು. ಬೇಯಿಸುವ ಮೊದಲು ತೊಳೆದರೆ ಹೋಗುತ್ತದೆ. ಹುರುಳಿ, ಅಲಸಂದೆ, ಕಡಲೆಗೆ ಒಣಗಿದ ಬೇವಿನ ಸೊಪ್ಪು ಸಾಕು. ಹುಣಸೆಹಣ್ಣು ಬೀಜ ತೆಗೆದು ಕಲ್ಲುಪ್ಪು ಹಾಕಿ ಭರಣಿಯಲ್ಲಿ. ರವೆ ಹುರಿದಿಡಿ. ನಾನು ಮದುವೆಯಾದ ಹೊಸತರಲ್ಲಿ ಐದು ಕೆ.ಜಿ. ರವೆ ಹಸಿಯಾಗಿಯೇ ಇಟ್ಟು, ಆಟಿ (ಆಷಾಢ) ತಿಂಗಳಿಗೆ ಎಲ್ಲ ಕೋಳಿಗೆ ಹಾಕಿದೆ. ಅವತ್ತು ಅತ್ತೆ ಏನೂ ಅನ್ನಲಿಲ್ಲ, ನನಗೇ ಅಳು ಬಂತು.

ಹಿಟ್ಟು, ಖಾರದ ಪುಡಿ ಕೂಡಿಡಲೇಬೇಡಿ. ಕಾಳಾಗಿ ಇದ್ದದ್ದು ಬಾಳುತ್ತದೆ, ಪುಡಿಯಾದದ್ದು ತಂಪು ಎಳೆಯುತ್ತದೆ. ರಾಗಿ ಕಾಳಾಗಿಯೇ ಇಟ್ಟು ಹದಿನೈದು ದಿನಕ್ಕೆ ಬೇಕಾದಷ್ಟು ಗಿರಣಿಗೆ ಕೊಡಿ. ಬೂಷ್ಟು ಬಂದ ಕಡಲೆಕಾಯಿ ಬೀಜ, ಒಣಮೆಣಸಿನಕಾಯಿಯನ್ನು ಮಾತ್ರ "ಆರಿಸಿ ಬಳಸೋಣ" ಅನ್ನಬೇಡಿ, ಎಸೆಯಿರಿ. ಆ ಬೂಷ್ಟಿನ ವಿಷ ಹುರಿದರೂ ಹೋಗುವುದಿಲ್ಲ, ಯಕೃತ್ತಿಗೆ ಕೆಟ್ಟದ್ದು. ಅಲ್ಲಿ ಉಳಿತಾಯ ಬೇಡ.

ಮತ್ತೆ ತೋಟದ ಮನೆಯವರು ತರಕಾರಿಗೆ ದುಡ್ಡು ಹಾಕುವುದೇ ಕಮ್ಮಿ. ಹಲಸಿನ ಬೀಜ ಕೆಮ್ಮಣ್ಣು ಮೆತ್ತಿ ಮೂಲೆಯಲ್ಲಿಟ್ಟರೆ ಮಳೆಗಾಲವಿಡೀ ಸಾರಿಗೆ, ಪಲ್ಯಕ್ಕೆ ಆಯಿತು. ಹಲಸಿನಕಾಯಿಯ ಸೊಳೆಯನ್ನು (ತೊಳೆಯನ್ನು) ಉಪ್ಪಿನಲ್ಲಿ ಹಾಕಿಡುತ್ತೇವೆ. ಕೆಸುವಿನ ಸೊಪ್ಪು ಹಿತ್ತಲಲ್ಲೇ ಇದೆ, ಕಳಲೆ ಬರುತ್ತದೆ. ಪಟ್ಟಣದಲ್ಲಿದ್ದೀರಿ ಅಂತ ಬಿಡಬೇಡಿ, ಒಂದು ಹಳೇ ಬಕೆಟ್ಟಿನಲ್ಲಿ ದೊಡ್ಡಪತ್ರೆ, ಇನ್ನೊಂದರಲ್ಲಿ ಬಸಳೆ ಹಾಕಿ. ವಾರಕ್ಕೆ ಒಂದು ಹೊತ್ತಿನ ಅಡುಗೆ ಅಲ್ಲೇ ಆಗುತ್ತದೆ.

ಆಲೂರು ರೈತ

ಎಲ್ಲರ ಮಾತೂ ಓದಿದೆ. ಮಾರೋರ ಕಡೆಯಿಂದ ಎರಡು ಮಾತು ಹೇಳ್ಲಾ?

ನಮ್ಮ ಜಿಲ್ಲೆ ಮುಂಗಾರಿನ ಆಲೂಗಡ್ಡೆಗೆ ಹೆಸರಾದದ್ದು. ಬಿತ್ತನೆ ಗಡ್ಡೆ ಪಂಜಾಬಿನ ಜಲಂಧರ್ ಕಡೆಯಿಂದ ಲಾರೀಲಿ ಬರುತ್ತೆ, ಮೇ ತಿಂಗಳಲ್ಲಿ ಹಾಸನದ ಎಪಿಎಂಸಿಯಲ್ಲಿ ಕೊಂಡು ತಂದು ಬಿತ್ತೀವಿ. ಗಡ್ಡೆ ಕೀಳೋದು ಆಗಸ್ಟ್, ಸೆಪ್ಟೆಂಬರ್. ಆವಾಗ ಎಲ್ಲರ ಗಡ್ಡೆನೂ ಒಟ್ಟಿಗೇ ಬರುತ್ತೆ, ರೇಟು ಬೀಳುತ್ತೆ. ಕೊಳ್ಳೋರಿಗೆ ಅದೇ ಒಳ್ಳೇ ಕಾಲ. ಆದರೆ ಅಗ್ಗ ಅಂತ ಮೂವತ್ತು ಕೆ.ಜಿ. ಹೊತ್ಕೊಂಡು ಹೋಗಬೇಡಿ. ಮಳೇಲಿ ಕಿತ್ತ ಗಡ್ಡೆಗೆ ನೀರಿನಂಶ ಜಾಸ್ತಿ, ಬಾಳಿಕೆ ಇಲ್ಲ. ಅಂಗಮಾರಿ ರೋಗ ತಗುಲಿದ ಒಂದು ಗಡ್ಡೆ ಇದ್ದರೆ ಚೀಲವೆಲ್ಲ ಕೊಳೆಯುತ್ತೆ. ಹದಿನೈದು ದಿನಕ್ಕಾಗೋಷ್ಟು ತಗೊಳ್ಳಿ. ತೊಳೀಬೇಡಿ, ಮಣ್ಣಿರಲಿ. ನೆಲದ ಮೇಲೆ ಗೋಣಿ ಹಾಸಿ ಕತ್ತಲಲ್ಲಿ ಹರಡಿ. ಈರುಳ್ಳಿ ಪಕ್ಕ ಇಡಬೇಡಿ, ಎರಡೂ ಬೇಗ ಕೆಡ್ತವೆ. ಬೆಳಕು ಬಿದ್ದು ಹಸಿರಾದ ಗಡ್ಡೆ ತಿನ್ನೋಕೆ ಒಳ್ಳೇದಲ್ಲ.

ಇನ್ನು ಚೌಕಾಸಿ. ಸಂತೇಲಿ ನನ್ನ ಹೆಂಡತಿ ಸೊಪ್ಪು, ಹಸಿಮೆಣಸಿನಕಾಯಿ ಗುಡ್ಡೆ ಹಾಕಿಕೊಂಡು ಕೂರ್ತಾಳೆ. ಮಾಲ್‌ನಲ್ಲಿ ಹೇಳಿದಷ್ಟು ಕೊಟ್ಟು ಬರೋರು ಅವಳ ಹತ್ರ ಹತ್ತು ರೂಪಾಯಿ ಕಂತೆಗೆ ಎರಡು ಕೇಳ್ತಾರೆ. ಸಗಟಾಗಿ ತಂದು ಮಾರೋರ ಹತ್ರ ಚೌಕಾಸಿ ಮಾಡಿ, ಬೇಡ ಅನ್ನಲ್ಲ. ಬುಟ್ಟಿ ತಂದ ಹೆಂಗಸರ ಹತ್ರ ರೇಟು ಎಳೀಬೇಡಿ, ಕೊಸರು ಕೇಳಿ. ಒಂದು ಹಿಡಿ ಮೆಣಸಿನಕಾಯಿ, ನಾಲ್ಕೆಸಳು ಕರಿಬೇವು ನಗ್ತಾ ಹಾಕ್ತಾಳೆ. ಒಬ್ಬರ ಹತ್ರವೇ ವಾರ ವಾರ ತಗೊಂಡರೆ ಕೇಳೋದೂ ಬೇಡ.

ಬೇಲೂರು ರಸ್ತೆ

ಅಣ್ಣ, ನೀವು ಹೇಳಿದ್ದು ಸರಿ. ನಾನು ಶಿಫ್ಟ್ ಮುಗಿಸಿ ಸಂತೆಗೆ ಬರೋದೇ ಸಂಜೆ ಆರೂವರೆಗೆ. ಆ ಹೊತ್ತಿಗೆ ಅವರೇ ಕರೆದು ಅಗ್ಗಕ್ಕೆ ಕೊಡ್ತಾರೆ, ಬಸ್ಸಿಗೆ ಹೊತ್ತಾಗಿರುತ್ತೆ. ಕೇಳದೇ ಸಿಗುತ್ತೆ. ಒಂದು ಗುಡ್ಡೆ ಟೊಮೆಟೊ ತಗೊಂಡು ಅವತ್ತು ರಾತ್ರಿನೇ ಮೆತ್ತಗಿರೋದನ್ನೆಲ್ಲ ಗೊಜ್ಜು ಮಾಡಿಬಿಡ್ತೀನಿ, ನಾಲ್ಕು ದಿನ ಬುತ್ತಿಗೆ ಆಗುತ್ತೆ.

ನಿವೃತ್ತ ಮೇಷ್ಟ್ರು (ಚಿಕ್ಕಮಗಳೂರು)

ರೇಷನ್ ಅಕ್ಕಿಯ ವಿಷಯ ಯಾರೂ ಎತ್ತಲಿಲ್ಲವಲ್ಲ ಎಂದು ಬರೆಯುತ್ತಿದ್ದೇನೆ. ಅನ್ನಭಾಗ್ಯದಲ್ಲಿ 2023ರ ಜುಲೈನಿಂದ ತಲೆಗೆ 5 ಕೆ.ಜಿ. ಅಕ್ಕಿಯ ಬದಲು 170 ರೂಪಾಯಿ ಖಾತೆಗೆ ಬರುತ್ತಿತ್ತು. 2025ರ ಫೆಬ್ರವರಿಯಿಂದ ಹಣದ ಬದಲು ಅಕ್ಕಿಯನ್ನೇ ಕೊಡತೊಡಗಿದರು. ಕಾರ್ಡ್ ಇರುವ ಎಷ್ಟೋ ಮನೆಗಳಲ್ಲಿ ಈ ಅಕ್ಕಿಯನ್ನು ಕಡಿಮೆ ದುಡ್ಡಿಗೆ ಮಾರಿ, ಅಂಗಡಿಯಿಂದ ಬೇರೆ ಅಕ್ಕಿ ತರುವುದನ್ನು ನೋಡಿದ್ದೇನೆ. ಮಾರುವುದು ಕಾನೂನಿಗೆ ವಿರುದ್ಧ, ಮನೆಗೂ ನಷ್ಟ. ಅನ್ನಕ್ಕೆ ರುಚಿಸದಿದ್ದರೆ ದೋಸೆ, ಇಡ್ಲಿ, ಪಡ್ಡು, ಅಕ್ಕಿ ರೊಟ್ಟಿಗೆ ಅದಕ್ಕಿಂತ ಬೇರೆ ಬೇಕಿಲ್ಲ. ನಮ್ಮ ಮನೆಯಲ್ಲಿ ತಿಂಡಿಗೆಂದು ಅಂಗಡಿ ಅಕ್ಕಿ ಮುಟ್ಟಿಲ್ಲ.

ರೇಷನ್ ಅಕ್ಕಿಯಲ್ಲಿ ಸ್ವಲ್ಪ ಬೇರೆ ಬಣ್ಣದ, ನೀರಿನಲ್ಲಿ ತೇಲುವ ಕಾಳುಗಳು ಕಂಡರೆ "ಪ್ಲಾಸ್ಟಿಕ್ ಅಕ್ಕಿ" ಎಂದು ಆರಿಸಿ ಎಸೆಯುತ್ತಾರೆ. ಅವು ಅಕ್ಕಿ ಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಸೇರಿಸಿ ಮಾಡಿದ ಕಾಳುಗಳು. ನೂರು ಕಾಳಿಗೆ ಒಂದರಂತೆ ಬೆರೆಸಿದ್ದಾರೆ. ರಕ್ತಹೀನತೆ ತಡೆಯಲೆಂದು ಹಾಕಿದ್ದನ್ನು ನಾವು ಮೊರದಲ್ಲಿ ಆರಿಸಿ ಹೊರಗೆ ಹಾಕುತ್ತಿದ್ದೇವೆ. ದಯವಿಟ್ಟು ಅಕ್ಕಪಕ್ಕದವರಿಗೆ ತಿಳಿಸಿ.

ಕಾಫಿಯ ಊರಿನವನಾಗಿ ಕಾಫಿಯ ಬಗ್ಗೆಯೂ ಹೇಳಬೇಕು. ಪುಡಿಯ ಬೆಲೆ ಏರಿದೆ. ಚಿಕೋರಿ ಬೆರೆಸಿದ ಪುಡಿಯಲ್ಲಿ ಚಿಕೋರಿ ಶೇ 49ರವರೆಗೆ ಇರಲು ಅವಕಾಶವಿದೆ, ಎಷ್ಟಿದೆ ಎಂದು ಪ್ಯಾಕಿನ ಮೇಲೆ ಬರೆದಿರಲೇಬೇಕು. ಚಿಕೋರಿ ಕಾಫಿಗಿಂತ ಬಹಳ ಅಗ್ಗ. ಆದ್ದರಿಂದ 60:40 ಪುಡಿಯನ್ನು 80:20ರ ಬೆಲೆಗೆ ಕೊಳ್ಳುತ್ತಿದ್ದೇವೆಯೇ ಎಂದು ನೋಡಿಕೊಳ್ಳಿ. ನಾನು ಬೀಜ ಹುರಿದು ಪುಡಿ ಮಾಡುವ ಅಂಗಡಿಯಲ್ಲಿ 80:20 ಹೇಳಿ ಎದುರಿಗೇ ಬೆರೆಸಿ 200 ಗ್ರಾಂ ಮಾತ್ರ ತರುತ್ತೇನೆ. ಒಂದು ಕೆ.ಜಿ. ತಂದಿಟ್ಟರೆ ಮಳೆಗಾಲದಲ್ಲಿ ಘಮ ಹೋಗಿ, ಅದೇ ಕಡುಪಿಗೆ ಒಂದು ಚಮಚ ಹೆಚ್ಚು ಬೇಕಾಗುತ್ತದೆ.

ರೂಮ್ ನಂಬರ್ 7 (ಹಾಸನ)

ಸರ್, ಆ ಕಾಳುಗಳನ್ನ ನಾವೂ ಆರಿಸಿ ಎಸೀತಿದ್ವಿ. ಊರಿಂದ ಅಮ್ಮ ಕಳಿಸೋ ಅಕ್ಕಿ ಅದು. ಇವತ್ತೇ ಅಮ್ಮನಿಗೆ ಫೋನ್ ಮಾಡಿ ಹೇಳಿದೆ.

ಇನ್ನೊಂದು ಕೇಳಬೇಕಿತ್ತು. ಒಂದು ದೊಡ್ಡ ಅಂಗಡೀಲಿ ಶೆಲ್ಫಿನ ಮೇಲೆ ಒಂದು ರೇಟು, ಬಿಲ್ಲಲ್ಲಿ ಇನ್ನೊಂದು ಬಂತು. ಕೇಳಿದರೆ ಆಫರ್ ನಿನ್ನೆಗೆ ಮುಗೀತು ಅಂದರು. ಹನ್ನೆರಡು ರೂಪಾಯಿ ವ್ಯತ್ಯಾಸ. ಹಿಂದೆ ಕ್ಯೂ ಇತ್ತು, ಸುಮ್ಮನೆ ಬಂದ್ವಿ. ಏನು ಮಾಡಬೇಕಿತ್ತು?

ದಿನಸಿ ಅಂಗಡಿ (ಚನ್ನರಾಯಪಟ್ಟಣ)

ತಮ್ಮ, ಬಿಲ್ ಹಾಕೋ ಮುಂಚೆ ಆ ಸಾಮಾನು ಬೇಡ ಅಂತ ಪಕ್ಕಕ್ಕಿಡೋ ಹಕ್ಕು ನಿಂಗಿದೆ, ಕ್ಯೂ ಎಷ್ಟೇ ಇರಲಿ. ಶೆಲ್ಫಿನ ಚೀಟಿ ಫೋಟೊ ತೆಗೆದಿಟ್ಟುಕೋ. ಎಂಆರ್‌ಪಿಗಿಂತ ಒಂದು ರೂಪಾಯಿ ಜಾಸ್ತಿ ತಗೊಂಡರೂ, ತೂಕದಲ್ಲಿ ಕಮ್ಮಿ ಬಂದರೂ 1915ಕ್ಕೆ ಫೋನ್ ಮಾಡು, ಗ್ರಾಹಕರ ಸಹಾಯವಾಣಿ, ಕನ್ನಡದಲ್ಲೂ ಮಾತಾಡ್ತಾರೆ. ಹಾಗೇ 2025ರ ಸೆಪ್ಟೆಂಬರ್ 22ರಿಂದ ಸೋಪು, ಶಾಂಪೂ, ಟೂತ್‌ಪೇಸ್ಟ್, ಬಿಸ್ಕತ್ತಿನ ಜಿಎಸ್‌ಟಿ ಶೇ 18ರಿಂದ 5ಕ್ಕೆ, ತುಪ್ಪ ಬೆಣ್ಣೇದು 12ರಿಂದ 5ಕ್ಕೆ ಇಳಿದಿದೆ. ಹಳೇ ರೇಟು ತಲೇಲಿ ಇಟ್ಕೊಂಡು ಅದಕ್ಕಿಂತ ಎರಡು ರೂಪಾಯಿ ಕಮ್ಮಿಯಾದ್ದನ್ನೇ ಆಫರ್ ಅಂತ ಹಿಗ್ಗಬೇಡಿ.

ಮನೆಲೆಕ್ಕ (ಹಾಸನ)

ಇಷ್ಟು ಜನ ಇಷ್ಟು ಬಿಡಿಸಿ ಬರೀತೀರಿ ಅಂತ ಅಂದ್ಕೊಂಡಿರಲಿಲ್ಲ. ಎಲ್ಲವನ್ನೂ ಅತ್ತೆಗೆ ಓದಿ ಹೇಳಿದೆ. ಹರಳೆಣ್ಣೆ ಮಾತು ಬಂದಾಗ "ಅದನ್ನ ನಾನು ಹೇಳಿದ್ರೆ ನೀನು ಕೇಳ್ತಿದ್ಯಾ" ಅಂದರು. ನಿಜ, ಎರಡು ವರ್ಷದ ಹಿಂದೆ ಹೇಳಿದ್ರು, ನಾನೇ ಬೇಡ ಅಂದಿದ್ದೆ.

ಅತ್ತೆಯಿಂದ ಕಲಿತ ಒಂದನ್ನ ನಾನೂ ಸೇರಿಸ್ತೀನಿ. ವಾರಕ್ಕೆ ಎರಡು ದಿನ ಬಸ್ಸಾರು. ಹೆಸರುಕಾಳೋ ಅಲಸಂದೆಯೋ ಹಾಕಿ ಅದರ ಜೊತೆ ಸೊಪ್ಪು ಬೇಯಿಸಿ, ಬಸಿದ ಕಟ್ಟಿನಲ್ಲಿ ಸಾರು, ಬೆಂದದ್ದರಲ್ಲಿ ಪಲ್ಯ. ಒಂದೇ ಗ್ಯಾಸು, ಎರಡು ಅಡುಗೆ, ಮುದ್ದೆಗೂ ಆಯ್ತು ಅನ್ನಕ್ಕೂ ಆಯ್ತು. ಸಂತೆಯಿಂದ ತಂದ ಸೊಪ್ಪು ಮಂಗಳವಾರ, ಬುಧವಾರವೇ ಖಾಲಿ. ಮೊದಲು ವಾರಕ್ಕೆ ಎರಡು ಕಂತೆಯಾದರೂ ಫ್ರಿಜ್ಜಿನಲ್ಲಿ ಕೊಳೆತು ಹೋಗ್ತಿತ್ತು. ಬೇಗ ಕೆಡೋದು ಮೊದಲು: ಸೊಪ್ಪು, ಆಮೇಲೆ ಬೀನ್ಸು, ಬದನೆ, ಕೊನೇಲಿ ಆಲೂಗಡ್ಡೆ, ಸೀಮೆಬದನೆ, ಕುಂಬಳ. ಸೋಮವಾರ ಕಾಳಿನ ಸಾರು. ಈ ಸರದಿ ಬರೆದು ಫ್ರಿಜ್ಜಿಗೆ ಅಂಟಿಸಿದ್ದೀನಿ, ಮಗಳೂ ಈಗ ಅದನ್ನ ನೋಡಿಕೊಂಡೇ ತರಕಾರಿ ತೆಗೀತಾಳೆ.

ನಾಳೆ ಮಂಗಳವಾರ. ಎದುರು ಮನೆ ಅಜ್ಜಿ, ಮೂಲೆ ಮನೆಯೋರು, ನಾವು ಸೇರಿ ಮೂಟೆ ತರೋದು ಅಂತ ಆಗಿದೆ. ಮೊದಲು ಒಂದು ಕೆ.ಜಿ. ತಂದು ಮೂರು ಮನೇಲೂ ಅನ್ನ ಮಾಡಿ ನೋಡ್ತೀವಿ. ಬೇಳೆ ಐದು ಕೆ.ಜಿ. ತರ್ತೀನಿ, ಬಿಸಿಲಿದ್ದರೆ ಗುರುವಾರದ ಹೊತ್ತಿಗೆ ಡಬ್ಬಿ ಸೇರುತ್ತೆ. ಮೂಡಿಗೆರೆ ಅಕ್ಕ, ಸೊಳೆಗೆ ಉಪ್ಪು ಎಷ್ಟು ಹಾಕ್ತೀರಿ? ತವರಿನಿಂದ ಹಲಸಿನಕಾಯಿ ಬಂದಿದೆ.

ಮಲೆನಾಡ ಮಗಳು (ಮೂಡಿಗೆರೆ)

ಬಲಿತ ಕಾಯಿ ಆಗಬೇಕು, ಹಣ್ಣಿಗೆ ತಿರುಗಿರಬಾರದು. ಬೀಜ ತೆಗೆದು ಸೊಳೆ ಸೀಳಿ, ನಾಲ್ಕು ಬಟ್ಟಲು ಸೊಳೆಗೆ ಒಂದು ಬಟ್ಟಲು ಕಲ್ಲುಪ್ಪು. ಒಂದು ಪದರ ಸೊಳೆ, ಒಂದು ಪದರ ಉಪ್ಪು, ಒತ್ತಿ ತುಂಬಿ ಮೇಲೆ ಭಾರ ಇಡಿ. ಎರಡು ದಿನದಲ್ಲಿ ತಾನೇ ನೀರು ಬಿಡುತ್ತದೆ, ಸೊಳೆ ಆ ನೀರಿನಲ್ಲಿ ಮುಳುಗಿಯೇ ಇರಬೇಕು. ಒದ್ದೆ ಕೈ ಹಾಕಬೇಡಿ. ಬಳಸುವ ಹಿಂದಿನ ರಾತ್ರಿ ತೆಗೆದು ಸಾದಾ ನೀರಿನಲ್ಲಿ ನೆನೆಸಿ, ಎರಡು ಸಲ ನೀರು ಬದಲಿಸಿ. ಬೀಜ ಎಸೆಯಬೇಡಿ, ಕೆಮ್ಮಣ್ಣು ಸಿಗದಿದ್ದರೆ ತೊಳೆದು ನೆರಳಲ್ಲಿ ಒಣಗಿಸಿಡಿ.